ಟೆಲ್ಲರ್ವೊ ಕೈಕಟ್ಟಿ ಕೂತ ಹನ್ನೆರಡು ವಾರ

ನನ್ನ ಅತ್ತಿಗೆ ಟೆಲ್ಲರ್ವೊಗೆ ಯಾರಾದರೂ ಸಹಾಯ ಮಾಡಲು ಹೋದರೆ ಬೈಸಿಕೊಂಡಷ್ಟು ಸಿಟ್ಟು ಬರುತ್ತಿತ್ತು. ಒಮ್ಮೆ ಬಸ್ಸಿನಲ್ಲಿ ಒಬ್ಬ ಸೈನಿಕ ಪಾಪ, ಅವಳ ಆಲೂಗಡ್ಡೆ ಚೀಲ ಇಳಿಸಿಕೊಡೋಣ ಅಂತ ಕೈ ಚಾಚಿದ. "ಯಾಕಪ್ಪಾ, ನಿಮ್ಮನೇಲಿ ಆಲೂಗಡ್ಡೆ ಇಲ್ವಾ?" ಎಂದು ಕೇಳಿದಳು. ಆತ ಮುಂದಿನ ನಿಲ್ದಾಣದಲ್ಲೇ ಇಳಿದುಹೋದ. ಅವನ ನಿಲ್ದಾಣ ಅದಾಗಿರಲಿಲ್ಲ ಎಂದು ನಾನು ಇವತ್ತಿಗೂ ಆಣೆ ಮಾಡಿ ಹೇಳಬಲ್ಲೆ.

ಅವಳ ಸೊಕ್ಕಿಗೆ ಕಾರಣವೂ ಇತ್ತು, ಇಲ್ಲದೇ ಏನಿಲ್ಲ. ಎಂಥ ತೋಳುಗಳವು! ನಮ್ಮ ಕೋತ್ಕಾ ಎಂಬ ಬಂದರು ಊರಿನ ಶಾಲೆಯ ಅಡುಗೆಮನೆಯಲ್ಲಿ ಮೂವತ್ತನಾಲ್ಕು ವರ್ಷ ಪ್ರತಿ ಗುರುವಾರ ನಾನೂರು ಮಕ್ಕಳಿಗೆ ಬಟಾಣಿ ಸಾರು ಮಾಡಿದವಳು. ಆ ಹಂಡೆ ಇಳಿಸಲು ಬೇರೆ ಶಾಲೆಗಳಲ್ಲಿ ಇಬ್ಬರು ಗಂಡಸರನ್ನು ಕರೆಯುತ್ತಿದ್ದರಂತೆ. ಮೊದಲ ಸಲ ನಮ್ಮ ಮನೆಗೆ ಬಂದ ದಿನ ಸೌನಾ ಎಂಬ ಹಬೆಸ್ನಾನದ ಮನೆಗೆ ನೀರು ಹೊರಲು ಹೋಗಿ, ಒಂದೊಂದು ಕೈಯಲ್ಲಿ ಎರಡೆರಡು ಬಕೆಟ್ ಹಿಡಿದು ದಿಬ್ಬ ಹತ್ತಿ ಬಂದಳು. ನಮ್ಮಮ್ಮ ಕಿಟಕಿಯಿಂದ ನೋಡುತ್ತಾ, "ವೈಕ್ಕೊ, ಇವಳನ್ನ ಬಿಟ್ಟೆ ಅಂದ್ರೆ ನೀನೂ ಮನೆ ಬಿಟ್ಟು ಹೋಗು" ಅಂದಳು. ವೈಕ್ಕೊ ನನ್ನ ಅಣ್ಣ. ಬಂದರಿನಲ್ಲಿ ಹಡಗೆಳೆಯುವ ದೋಣಿಯ ಎಂಜಿನ್ ನೋಡಿಕೊಳ್ಳುತ್ತಿದ್ದವನು. ಮಾತು ಕಡಿಮೆ. ಅಮ್ಮನ ಮಾತಿಗೆ ತಲೆಯಾಡಿಸಿದ, ಮದುವೆಯಾದ, ಆಮೇಲೆ ನಲವತ್ತಮೂರು ವರ್ಷ ಆ ತಲೆಯಾಡಿಸುವುದನ್ನು ನಿಲ್ಲಿಸಲಿಲ್ಲ.

ನಾನು ಓಯ್ಲಿ, ಅವನ ತಂಗಿ. ಮದುವೆಯಾಗಲಿಲ್ಲ, ಅಂಚೆ ಕಚೇರಿಯಲ್ಲಿ ಮೂವತ್ತೊಂದು ವರ್ಷ ಮುದ್ರೆ ಒತ್ತಿದೆ. ಅವರ ಮನೆಯ ಕೆಳಗಿನ ಅಂತಸ್ತಿನಲ್ಲೇ ನನ್ನ ಮನೆ. ನನಗೆ ಬಾಯಿ ಜೋರು ಎಂದು ಜನ ಹೇಳುತ್ತಾರೆ. ಹೇಳಲಿ ಬಿಡಿ, ಅವರಿಗೂ ಬಾಯಿದೆ.

ಆ ಚಳಿಗಾಲದಲ್ಲಿ ಟೆಲ್ಲರ್ವೊ ಮೆಟ್ಟಿಲ ನಡುವೆ ನಿಲ್ಲತೊಡಗಿದಳು. ಕೇಳಿದರೆ, "ಕಿಟಕಿಯಿಂದ ನೋಟ ನೋಡ್ತಿದೀನಿ" ಅನ್ನುತ್ತಿದ್ದಳು. ಆ ಕಿಟಕಿಯಿಂದ ಕಾಣುವುದು ಹಿಮ ಮುಚ್ಚಿದ ಕಸದ ತೊಟ್ಟಿ. ದಿನಕ್ಕೆ ನಾಲ್ಕು ಸಲ ನೋಡುವಷ್ಟು ಸೊಬಗು ಅದರಲ್ಲಿ ಏನಿದೆ ಎಂದು ನಾನೇ ಗದರಿ ವೈದ್ಯರ ಬಳಿ ಎಳೆದುಕೊಂಡು ಹೋದೆ. ಹೃದಯದ ರಕ್ತನಾಳ ನಾಲ್ಕು ಕಡೆ ಕಟ್ಟಿಕೊಂಡಿತ್ತು. ಏಪ್ರಿಲ್ ಹದಿನಾಲ್ಕಕ್ಕೆ ಎದೆ ತೆರೆದು ಸರಿಪಡಿಸಿದರು.

ಮೂರನೆಯ ದಿನ ಅವಳ ಹಾಸಿಗೆಯ ಬಳಿ ಕಿರ್ಸಿ ಬಂದಳು. ಇಪ್ಪತ್ತಾರರ ಹುಡುಗಿ, ಹುಬ್ಬು ಬೆಳ್ಳಗೆ, ಮಾತು ನೆಟ್ಟಗೆ. ಆಪರೇಷನ್ ಆದವರನ್ನು ಎಬ್ಬಿಸಿ, ನಡೆಸಿ, ವ್ಯಾಯಾಮ ಮಾಡಿಸುವುದು ಅವಳ ಕೆಲಸ.

"ಟೆಲ್ಲರ್ವೊ, ನಿಮ್ಮ ಎದೆ ನಡುವಿನ ಮೂಳೆನ ಉದ್ದಕ್ಕೆ ಸೀಳಿ, ಉಕ್ಕಿನ ತಂತಿ ಹಾಕಿ ಕಟ್ಟಿದ್ದಾರೆ. ಕಾಲು ಮುರಿದಿದ್ರೆ ಗಟ್ಟಿ ಪಟ್ಟಿ ಹಾಕಿಬಿಡಬಹುದಿತ್ತು. ಎದೆಗೆ ಹಾಕೋಕಾಗಲ್ಲ, ಉಸಿರಾಡಬೇಕಲ್ಲ. ಹಾಗಾಗಿ ನಿಮ್ಮ ಬುದ್ಧೀನೇ ಪಟ್ಟಿ. ಹನ್ನೆರಡು ವಾರ."

"ಅಷ್ಟು ದಿನ ಏನೂ ಎತ್ತಬಾರದಾ?"

"ಒಂದು ಕೈಗೆ ಒಂದು ಲೀಟರ್ ಹಾಲು ಎತ್ತಬಹುದು."

"ಅದನ್ನ ಎತ್ತೋದು ಅಂತಾರಾ? ನಮ್ಮ ಕಡೆ ಅದಕ್ಕೆ ಹಿಡ್ಕೊಳ್ಳೋದು ಅಂತಾರೆ."

ಕಿರ್ಸಿ ನಗಲಿಲ್ಲ. ಪಾಠ ಮುಂದುವರಿಸಿದಳು. ತಳ್ಳಬಾರದು, ಎಳೆಯಬಾರದು. ಕೈ ಭುಜದಿಂದ ಮೇಲೆ ಹೋಗಬಾರದು, ಬೆನ್ನ ಹಿಂದೆಯೂ ಹೋಗಬಾರದು. ಏಳುವಾಗ ಕೈ ಊರಬಾರದು, ಎರಡೂ ಕೈ ಎದೆ ಮೇಲೆ ಕಟ್ಟಿ ಕಾಲಿನ ಬಲದಲ್ಲೇ ಏಳಬೇಕು. ಹಾಸಿಗೆಯಲ್ಲಿ ಮಗ್ಗುಲಾಗುವಾಗ ಮರದ ದಿಮ್ಮಿ ಉರುಳಿದ ಹಾಗೆ ಇಡೀ ಮೈ ಒಟ್ಟಿಗೇ ಉರುಳಬೇಕು. ಕೆಮ್ಮು ಬಂದರೆ ಪುಟ್ಟ ದಿಂಬನ್ನು ಎದೆಗೆ ಒತ್ತಿಕೊಳ್ಳಬೇಕು.

"ಎರಡೂ ಕಂಕುಳಲ್ಲಿ ಒಂದೊಂದು ಪತ್ರಿಕೆ ಮಡಚಿ ಇಟ್ಕೊಂಡಿದೀನಿ ಅಂದ್ಕೊಳ್ಳಿ. ಅದು ಬೀಳಬಾರದು, ಅಷ್ಟೇ ಲೆಕ್ಕ."

"ನಗು ಬಂದ್ರೆ?"

"ನಗುವಾಗಲೂ ದಿಂಬು ಒತ್ಕೊಳ್ಳಿ. ಆದಷ್ಟು ನಗದೇ ಇದ್ರೆ ಒಳ್ಳೇದು, ಈ ವಾರ."

ಟೆಲ್ಲರ್ವೊ ನನ್ನ ಕಡೆ ಬೆರಳು ತೋರಿಸಿದಳು. "ಹಾಗಾದ್ರೆ ಮೊದಲು ಇವಳನ್ನ ಆಚೆ ಕಳಿಸಿ."

ಕಿರ್ಸಿ ಕಳಿಸಲಿಲ್ಲ, ಆದರೆ ಮರುದಿನ ದಾದಿಯರೇ ಕಳಿಸಿದರು. ತಪ್ಪು ನನ್ನದಲ್ಲ. ಅವಳಿಗೆ ಒಂದು ಬಾಟಲಿಗೆ ನೀರು ತುಂಬಿ, ಅದಕ್ಕೊಂದು ಕೊಳವೆ ಇಟ್ಟು, ಗಂಟೆಗೊಮ್ಮೆ ಊದಿ ಗುಳ್ಳೆ ಎಬ್ಬಿಸಲು ಹೇಳಿದ್ದರು, ಶ್ವಾಸಕೋಶ ತೆರೆಯಲಿ ಅಂತ. ಆಕೆ ಗುಳುಗುಳು ಅಂತ ಊದುತ್ತಿದ್ದರೆ, "ಅತ್ತಿಗೆ, ಬಟಾಣಿ ಸಾರು ಕುದೀತು, ಇಳಿಸು" ಅಂದೆ ಅಷ್ಟೇ. ಅವಳು ನಕ್ಕಳು, ಪಕ್ಕದ ಹಾಸಿಗೆಯ ಹೆಂಗಸು ನಕ್ಕಳು, ಆಕೆಗೂ ಎದೆಗೆ ಹೊಲಿಗೆ. ಇಬ್ಬರೂ ದಿಂಬು ಒತ್ತಿಕೊಂಡು ಅಯ್ಯೋ ಅಯ್ಯೋ ಅಂತ ಅಳುತ್ತಾ ನಗುತ್ತಿದ್ದರು. ನನಗೆ ಬಾಗಿಲು ತೋರಿಸಿದರು.

ಮನೆಗೆ ಬಂದ ಮೇಲೆ ಟೆಲ್ಲರ್ವೊ ಪತ್ರಿಕೆಯ ಮಾತನ್ನು ಅಕ್ಷರಶಃ ಪಾಲಿಸಿದಳು. ವೈಕ್ಕೊ ಬೆಳಗಿನ ಕಾಫಿ ಹಿಡಿದು ಪತ್ರಿಕೆ ಹುಡುಕಿದರೆ ಅರ್ಧ ಅವಳ ಎಡ ಕಂಕುಳಲ್ಲಿ, ಅರ್ಧ ಬಲ ಕಂಕುಳಲ್ಲಿ. "ಕ್ರೀಡಾ ಪುಟ ಯಾವ ಕಡೆ ಇದೆ?" ಎಂದು ಅವನು ಕೇಳುತ್ತಿದ್ದ. "ಬಲಗಡೆ. ಸಂಜೆ ಸಿಗುತ್ತೆ." ಅವನು ತಲೆಯಾಡಿಸುತ್ತಿದ್ದ.

ಇಷ್ಟೆಲ್ಲ ಸುಸೂತ್ರವಾಗಿ ನಡೆಯುತ್ತಿದ್ದಾಗ ಒಂದು ದಿನ ಅವಳು ಅಡುಗೆಮನೆಯ ಗೋಡೆಯ ಪಂಚಾಂಗದ ಮುಂದೆ ನಿಂತು ವಾರ ಎಣಿಸಿದಳು. ಹನ್ನೆರಡು ವಾರ ಮುಗಿಯುವುದು ಜುಲೈ ಏಳಕ್ಕೆ. ನಡುಬೇಸಿಗೆಯ ಯುಹಾನ್ನುಸ್ ಹಬ್ಬ ಜೂನ್ ಇಪ್ಪತ್ತಕ್ಕೆ.

"ಓಯ್ಲಿ," ಅಂದಳು, ದನಿ ಬಿದ್ದುಹೋಗಿತ್ತು, "ಜಮಖಾನೆ?"

ನಮ್ಮೂರಲ್ಲಿ ಹಬ್ಬಕ್ಕೆ ಬಾಗಿಲಿಗೆ ಬರ್ಚ್ ಕೊಂಬೆ ಕಟ್ಟದಿದ್ದರೂ ನಡೆಯುತ್ತದೆ, ಮೀನು ಸುಡದಿದ್ದರೂ ನಡೆಯುತ್ತದೆ. ಆದರೆ ಮನೆಯ ಚಿಂದಿ ಜಮಖಾನೆಗಳನ್ನೆಲ್ಲ ಹೊತ್ತು ಸಮುದ್ರದಂಚಿನ ಮರದ ಕಟ್ಟೆಗೆ ಹೋಗಿ, ಪೈನ್ ಸಾಬೂನು ಹಚ್ಚಿ ಉಜ್ಜಿ, ಉಪ್ಪುನೀರಲ್ಲಿ ಜಾಲಿಸಿ ತರದ ಹೆಂಗಸಿಗೆ ಹಬ್ಬವೇ ಇಲ್ಲ. ತೊಳೆಯದವಳನ್ನು ಯಾರೂ ಏನೂ ಅನ್ನುವುದಿಲ್ಲ. ಸುಮ್ಮನೆ ನೋಡುತ್ತಾರೆ. ಎದುರು ಕಟ್ಟಡದ ಲೆಂಪಿ ಎಂಬಾಕೆ ಹಾಗೆ ನೋಡುವುದರಲ್ಲಿ ಪಳಗಿದವಳು.

ಟೆಲ್ಲರ್ವೊಳ ಮನೆಯಲ್ಲಿ ಹನ್ನೊಂದು ಜಮಖಾನೆ. ಎಲ್ಲಕ್ಕಿಂತ ದೊಡ್ಡದು ಪಡಸಾಲೆಯ ಜಮಖಾನೆ, ಮೂರೂವರೆ ಮೀಟರ್ ಉದ್ದ, ಅವಳೇ ಮಗ್ಗದಲ್ಲಿ ನೇಯ್ದದ್ದು. ವೈಕ್ಕೊನ ನೀಲಿ ಕೆಲಸದ ಉಡುಪು, ನನ್ನ ಅಂಚೆ ಕಚೇರಿಯ ಹಳೆಯ ಕೋಟು, ಶಾಲೆಯ ಬಿಳಿ ಏಪ್ರನ್ನುಗಳು, ಎಲ್ಲ ಹರಿದು ಪಟ್ಟಿ ಮಾಡಿ ಅದರಲ್ಲಿ ಸೇರಿಸಿದ್ದಾಳೆ. ಒದ್ದೆಯಾದರೆ ಅದನ್ನು ಎತ್ತಲು ಇಬ್ಬರು ಬೇಕು. ಅವಳು ಒಬ್ಬಳೇ ಎತ್ತುತ್ತಿದ್ದಳು, ಅದೂ ಲೆಂಪಿ ನೋಡುತ್ತಿರುವಾಗ, ನಿಧಾನವಾಗಿ.

"ನಾನು ತೊಳೀತೀನಿ ಬಿಡು" ಅಂದೆ.

"ನೀನಾ? ನೀನು ಜಮಖಾನೆಗೆ ಮುದ್ರೆ ಒತ್ತೀಯ ಅಷ್ಟೇ, ತೊಳಿಯಲ್ಲ."

ನನಗೆ ರೇಗಿತು. ಕೋಪ ಮಾಡಿಕೊಂಡು ಕೆಳಗಿಳಿದು ಬಂದೆ, ಎರಡು ದಿನ ಮೇಲೆ ಹೋಗಲಿಲ್ಲ. ಅದೇ ನಾನು ಮಾಡಿದ ತಪ್ಪು.

ಮೂರನೆಯ ದಿನ, ಐದನೆಯ ವಾರ ಅದು, ಮನಸ್ಸು ತಡೆಯದೆ ಪೇಟೆಯಿಂದ ಸಕ್ಕರೆ ಹಚ್ಚಿದ ಪೊಸ್ಸು ಎಂಬ ಕರಿದ ಸಿಹಿತಿಂಡಿ ಕಟ್ಟಿಸಿಕೊಂಡು ಹೋದೆ. ಅವಳಿಗೆ ಅದು ವರ್ಜ್ಯ. ಅವಳೆದುರು ಕೂತು ನಾನು ತಿನ್ನುವುದೆಂದು ಲೆಕ್ಕ. ಬಾಗಿಲು ತೆರೆದರೆ ಪಡಸಾಲೆಯಲ್ಲಿ ದೊಡ್ಡ ಜಮಖಾನೆ ಸುರುಳಿ ಸುತ್ತಿ ಬಿದ್ದಿದೆ, ಅದರ ಮೇಲೆ ಟೆಲ್ಲರ್ವೊ ಕೂತಿದ್ದಾಳೆ, ಮುಖ ಸುಣ್ಣದ ಹಾಗೆ ಬಿಳಿಚಿದೆ. ಪತ್ರಿಕೆಗಳು ನೆಲದ ಮೇಲಿವೆ.

"ಓಯ್ಲಿ, ಎದೇಲಿ ಏನೋ ಟಕ್ ಅಂತು."

ಟ್ಯಾಕ್ಸಿಯಲ್ಲಿ ನಾನು ಅವಳಿಗೆ ಬೈದ ಬೈಗುಳಕ್ಕೆ ಚಾಲಕ ಕನ್ನಡಿ ತಿರುಗಿಸಿಕೊಂಡ. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಕಿರ್ಸಿ ಎದೆಯ ಗೆರೆಯ ಎರಡು ಬದಿಗೆ ಬೆರಳಿಟ್ಟು ಕೆಮ್ಮಲು ಹೇಳಿದಳು, ಮತ್ತೆ ಕೆಮ್ಮಿಸಿದಳು. ತಂತಿಗಳು ನೆಟ್ಟಗಿದ್ದವು, ಮೂಳೆ ಸರಿದಿರಲಿಲ್ಲ. ಆಗ ಆ ಹುಡುಗಿಗೆ ಸಿಟ್ಟು ಬಂತು.

"ಏನು ಎತ್ತೋಕೆ ಹೋದ್ರಿ?"

"ಜಮಖಾನೆ. ಒಣಗಿದ್ದು."

"ಒಣಗಿದ್ದಂತೆ! ತಂತಿ ಕಿತ್ತಿದ್ರೆ ಮತ್ತೆ ಗರಗಸ, ಟೆಲ್ಲರ್ವೊ. ಮೂಳೆ ಒಳಗೆ ಸೋಂಕು ಸೇರಿದ್ರೆ ಎಲ್ಲರೂ ಮನೆಗೆ ವಾಪಸ್ ಹೋಗಲ್ಲ. ನಾನು ನೋಡಿದೀನಿ. ಒಂದು ಚಿಂದಿಗೋಸ್ಕರ ನಿಮ್ಮನ್ನ ಮತ್ತೆ ಆ ಮೇಜಿನ ಮೇಲೆ ನೋಡೋಕೆ ನನಗಿಷ್ಟ ಇಲ್ಲ."

ಟೆಲ್ಲರ್ವೊ ತನ್ನ ಎರಡೂ ಅಂಗೈ ತಿರುಗಿಸಿ ನೋಡಿಕೊಂಡಳು. "ನಾನು ಹೋಗಲ್ಲಮ್ಮಾ. ಇವು ಹೋಗ್ತವೆ. ಏನಾದ್ರೂ ಕಂಡ್ರೆ ನನ್ನ ಕೇಳದೇ ಹೋಗ್ತವೆ. ಬಟಾಣಿ ಸಾರು ಉಕ್ಕಿದಾಗ ಹೋಗಿ ಹೋಗಿ ಹೀಗೇ ತಾನೇ ಇವು ಕಲಿತಿದ್ದು?"

ಅವಳು ಹೆದರಿದ್ದನ್ನು ನಾನು ಆ ದಿನವೇ ಮೊದಲು ನೋಡಿದ್ದು. ಬೈಯಲು ಬಾಯಿ ಬಿಟ್ಟರೆ ಅಳು ಬಂತು. "ನೀನು ಸತ್ರೆ ನಾನು ಯಾರ ಹತ್ರ ಜಗಳ ಆಡ್ಲಿ? ವೈಕ್ಕೊ ಹತ್ರನಾ? ಅವನು ತಲೆ ಆಡಿಸ್ತಾನೆ!" ಅಂದೆ. ಟೆಲ್ಲರ್ವೊಗೆ ನಗು ಬಂದು ದಿಂಬು ಹುಡುಕಿದಳು. ಹಾಳಾದ ದಿಂಬು ಮನೆಯಲ್ಲೇ ಉಳಿದಿತ್ತು. ನನ್ನ ಕೈಚೀಲವನ್ನೇ ಎದೆಗೆ ಒತ್ತಿಕೊಂಡಳು, ಒಳಗಿದ್ದ ಪೊಸ್ಸು ಜಜ್ಜಿಹೋಯಿತು.

ಕಿರ್ಸಿ ಒಂದು ಉಪಾಯ ಹೇಳಿದಳು. "ಕೈಗೆ ರಜ, ಕಾಲಿಗೆ ಕೆಲಸ. ಕೈ ತುರಿಸಿದಾಗೆಲ್ಲ ಕುರ್ಚಿ ಮೇಲೆ ಕೂತ್ಕೊಳ್ಳಿ, ಕೈ ಎದೆ ಮೇಲೆ ಕಟ್ಟಿ ಏಳಿ. ಮತ್ತೆ ಕೂತು ಏಳಿ. ಹತ್ತು ಸಲ. ಆಮೇಲೂ ತುರಿಸಿದ್ರೆ ಇನ್ನೂ ಹತ್ತು."

ಪಾಪ, ಯಾರಿಗೆ ಹೇಳುತ್ತಿದ್ದಾಳೆಂದು ಅವಳಿಗೆ ಗೊತ್ತಿರಲಿಲ್ಲ. ಟೆಲ್ಲರ್ವೊ ಹತ್ತನ್ನು ನಲವತ್ತು ಮಾಡಿದಳು. ಸಿಂಕಿನಲ್ಲಿ ಪಾತ್ರೆ ಕಂಡರೆ ಕೂತು ಎದ್ದಳು. ಕಿಟಕಿ ಗಾಜಿನ ಮೇಲೆ ಕಲೆ ಕಂಡರೆ ಕೂತು ಎದ್ದಳು. ಟಿವಿ ವಾರ್ತೆಯ ಹೊತ್ತಿಗೆ ವೈಕ್ಕೊನ ಮುಂದೆ ಅವಳ ತಲೆ ಏರಿಳಿಯುತ್ತಿತ್ತು. "ಪ್ರಧಾನಿ ಅರ್ಧ ಮಾತ್ರ ಕಾಣ್ತಾರೆ" ಎಂದು ಅವನು ನನ್ನ ಬಳಿ ದೂರಿದ. ಮೊದಲು ಅಂಚೆ ಪೆಟ್ಟಿಗೆಯವರೆಗೆ ನಡೆದಳು, ಆಮೇಲೆ ಇಗರ್ಜಿಯವರೆಗೆ, ಎಂಟನೆಯ ವಾರದಲ್ಲಿ ಬಂದರಿನವರೆಗೆ ಹೋಗಿ ಬರುತ್ತಿದ್ದಳು. ಮೆಟ್ಟಿಲ ನಡುವೆ ನೋಟ ನೋಡುವುದು ನಿಂತುಹೋಯಿತು. ಹಿಂದೆ ಬರುತ್ತಿದ್ದ ನಾನೇ ಅಲ್ಲಿ ನಿಂತು ಕಸದ ತೊಟ್ಟಿ ನೋಡತೊಡಗಿದೆ.

ಸೌನಾಕ್ಕೂ ಅನುಮತಿ ಸಿಕ್ಕಿತು, ಆದರೆ ಕೆಳಗಿನ ಮೆಟ್ಟಿಲಲ್ಲಿ, ಸ್ವಲ್ಪವೇ ಹೊತ್ತು. ಕಾದ ಕಲ್ಲಿಗೆ ನೀರು ಹಾಕುವ ಸೌಟು ನನ್ನ ಕೈಯಲ್ಲಿ. ಅವಳ ಆಯುಷ್ಯದಲ್ಲಿ ಬೇರೊಬ್ಬರು ಅವಳ ಕಲ್ಲಿಗೆ ನೀರು ಹಾಕಿದ್ದು ಅದೇ ಮೊದಲು. "ಅಲ್ಲಲ್ಲ, ಎಡಗಡೆ ಮೂಲೆಗೆ. ಅಯ್ಯೋ, ಗಿಡಕ್ಕೆ ಹಾಕ್ದಂಗೆ ಹಾಕ್ತೀಯಲ್ಲೇ!" ಅನ್ನುವಳು. ಸಹಿಸಿಕೊಂಡೆ. ಕಲ್ಲಿಗೂ ನನಗೂ ಒಂದೇ ಸಹನೆ ಬೇಕಾಯಿತು ಆ ತಿಂಗಳು.

ಒಂಬತ್ತನೆಯ ವಾರ ವೈಕ್ಕೊ ತಲೆ ಓಡಿಸಿದ. ಅವನು ತಲೆ ಓಡಿಸುವುದು ಅಪರೂಪ, ಓಡಿಸಿದರೆ ಸೀದಾ ಸಮುದ್ರಕ್ಕೇ ಓಡುತ್ತದೆ. ಯಾರಿಗೂ ಹೇಳದೆ ಮಲಗುವ ಕೋಣೆಯ ಎರಡು ಜಮಖಾನೆ ಹೊತ್ತೊಯ್ದು, ಹಗ್ಗ ಕಟ್ಟಿ, ತನ್ನ ಮೋಟಾರು ದೋಣಿಯ ಹಿಂದೆ ಬಿಟ್ಟು ಬಂದರಿನ ಸುತ್ತ ಎರಡು ಸುತ್ತು ಹೊಡೆಸಿದ. ಜನ್ಮವೆಲ್ಲ ಹಡಗೆಳೆದವನ ಬುದ್ಧಿ ಇನ್ನೆಲ್ಲಿಗೆ ಹೋಗುತ್ತದೆ, ಹುಟ್ಟುಗುಣ ಸುಟ್ಟರೂ ಹೋಗದು. ಮಧ್ಯಾಹ್ನ ಅವನ್ನು ತಂದು ಅಡುಗೆಮನೆಯ ನೆಲದ ಮೇಲೆ ಹಾಕಿದ. ಡೀಸೆಲ್ ನಾತ, ಪಾಚಿ, ಒಂದರ ಗೊಂಡೆಗೆ ಸಿಕ್ಕಿಕೊಂಡ ಒಂದು ಸಣ್ಣ ಪರ್ಚ್ ಮೀನು.

"ತೊಳೆದೆ" ಅಂದ.

ನಾನು ಟೆಲ್ಲರ್ವೊಳ ಮುಖ ನೋಡಿದೆ. ಬೈಗುಳ ಬರುತ್ತದೆ ಎಂದು ಕಿವಿ ಗಟ್ಟಿ ಮಾಡಿಕೊಂಡೆ. ಅವಳು ಮೀನು ನೋಡಿದಳು, ಗಂಡನನ್ನು ನೋಡಿದಳು, ದಿಂಬು ತೆಗೆದುಕೊಂಡಳು, ಎದೆಗೆ ಒತ್ತಿಕೊಂಡಳು. ಆಮೇಲೆ ನಗತೊಡಗಿದಳು. ಕಣ್ಣೀರು ಸುರಿಯುವವರೆಗೆ ನಕ್ಕಳು.

"ವೈಕ್ಕೊ, ಮಿಕ್ಕಿದ್ದನ್ನೂ ನೀನೇ ತೊಳಿ. ಆದ್ರೆ ದೋಣಿಗೆ ಕಟ್ಟಬೇಡಪ್ಪಾ. ಕಟ್ಟೆಗೆ ಹೋಗೋಣ. ನಾನು ಕೂತು ಹೇಳಿಕೊಡ್ತೀನಿ."

ನಲವತ್ತಮೂರು ವರ್ಷದಲ್ಲಿ ಅವಳು ಯಾರಿಗಾದರೂ 'ನೀನೇ ಮಾಡು' ಎಂದಿದ್ದನ್ನು ನಾನು ಕೇಳಿರಲಿಲ್ಲ. ವೈಕ್ಕೊ ಕೂಡ ಕೇಳಿರಲಿಲ್ಲ. ತಲೆಯಾಡಿಸಲು ಮರೆತು ನಿಂತಿದ್ದ.

ಹಬ್ಬಕ್ಕೆ ಎರಡು ದಿನ ಮುಂಚೆ ಕಟ್ಟೆಗೆ ಹೋದೆವು. ಮೆರವಣಿಗೆ ನೋಡಬೇಕಿತ್ತು ನೀವು. ಮುಂದೆ ವೈಕ್ಕೊ, ಕೈಗಾಡಿಯಲ್ಲಿ ಹನ್ನೊಂದು ಜಮಖಾನೆ. ಹಿಂದೆ ನಾನು, ತಲೆ ಮೇಲೆ ಅಡುಗೆಮನೆಯ ಕುರ್ಚಿ. ಕೊನೆಗೆ ಟೆಲ್ಲರ್ವೊ, ಎದೆಗೆ ದಿಂಬು, ಕಂಕುಳಲ್ಲಿ ಪತ್ರಿಕೆ. ಕಟ್ಟೆ ತುಂಬ ಹೆಂಗಸರು. ಮಂಡಿಯೂರಿದವರು, ಬ್ರಷ್ ತಿಕ್ಕುವವರು, ಹಿಂಡುವ ಯಂತ್ರದ ಹಿಡಿ ತಿರುಗಿಸುವವರು. ಕುರ್ಚಿ ಕಟ್ಟೆಯ ಅಂಚಿನಿಂದ ಎರಡು ಹೆಜ್ಜೆ ಈಚೆ ಇಟ್ಟೆ. ಅವಳು ಕೂತಳು.

"ಟೆಲ್ಲರ್ವೊ," ಲೆಂಪಿ ಪಕ್ಕದ ತಿಕ್ಕುವ ಮೇಜಿನಿಂದ ರಾಗ ಎಳೆದಳು, "ಈ ವರ್ಷ ಆಳು ಇಟ್ಕೊಂಡಿದೀಯಾ?"

"ಹೂಂ ಕಣೇ. ಊಟ, ಕಾಫಿ ಕೊಟ್ರೆ ಸಾಕು ಅಂದ. ನಿಮ್ಮನೇವನು ಎಷ್ಟು ಕೇಳ್ತಾನೆ?"

ಲೆಂಪಿಯ ಗಂಡ ಕಟ್ಟೆಯ ಕಡೆ ತಲೆಹಾಕಿಯೂ ಮಲಗಿದವನಲ್ಲ. ಅವಳು ಮತ್ತೆ ಬ್ರಷ್ ಹಿಡಿದಳು.

ವೈಕ್ಕೊ ತಿಕ್ಕಿದ. ಎಂಜಿನ್ ಮಸಿ ತಿಕ್ಕಿದ ಕೈ ಅದು, ಬಲವಿತ್ತು, ಬುದ್ಧಿಯಿರಲಿಲ್ಲ. "ಉದ್ದಕ್ಕೆ ತಿಕ್ಕು, ಅಡ್ಡಕ್ಕಲ್ಲ! ಸಾಬೂನನ್ನ ಊಟಕ್ಕೆ ಉಪ್ಪು ಬಡಿಸ್ದಂಗೆ ಬಡಿಸ್ತಿದೀಯಲ್ಲ, ಇನ್ನೂ ಹಾಕು! ಅಂಚು ಬಿಟ್ಟೆ! ಅಂಚು, ಅಂಚು!" ಎಂದು ಕುರ್ಚಿಯಿಂದ ಆಜ್ಞೆ ಬರುತ್ತಿತ್ತು. ಎರಡು ಸಲ ಅವಳ ಬಲಗೈ ಬ್ರಷ್ಷಿನ ಕಡೆ ತಾನಾಗಿ ಹೊರಟಿತು, ಪತ್ರಿಕೆ ಬಿತ್ತು. ಎರಡು ಸಲವೂ ಅವಳು ಕೂತು ಎದ್ದು ಕೂತು ಎದ್ದು ಆ ಕೈಯನ್ನು ಒಳಕ್ಕೆ ಕರೆಸಿಕೊಂಡಳು. ಎದ್ದಾಗಲೆಲ್ಲ ಕಟ್ಟೆಯ ಹೆಂಗಸರು ತಮಗೇ ಗೌರವ ಕೊಟ್ಟಳೇನೋ ಎಂದು ತಿರುಗಿ ನೋಡುತ್ತಿದ್ದರು.

ಹತ್ತು ಜಮಖಾನೆ ಮುಗಿಯಿತು. ದೊಡ್ಡದನ್ನು ಕೊನೆಗೆ ಇಟ್ಟಿದ್ದೆವು. ವೈಕ್ಕೊ ಅದನ್ನು ತಿಕ್ಕಿ, ಜಾಲಿಸಲು ನೀರಿಗೆ ಇಳಿಬಿಟ್ಟ. ನೀರಿಗೆ ಬಿಡುವ ಮುಂಚೆ ಒಂದು ತುದಿಯನ್ನು ಕಟ್ಟೆಯ ಗೂಟಕ್ಕೆ ಸಿಕ್ಕಿಸಬೇಕು. ಕೂಸಿಗೂ ಗೊತ್ತಿರುವ ಸಂಗತಿ ಎಂದು ಟೆಲ್ಲರ್ವೊ ಹೇಳಿರಲಿಲ್ಲ. ಅವನು ಗೊಂಡೆಯ ತುದಿಯನ್ನು ಹಲಗೆಯ ಮೇಲೆ ಹಾಗೇ ಹರಡಿ, ಹಿಂಡುವ ಯಂತ್ರದ ಬಳಿ ಸರದಿ ಬಂತೆಂದು ಹಿಂಡಲು ಉಳಿದಿದ್ದ ಹತ್ತನೆಯದನ್ನು ಹೊತ್ತು ಹೋದ. ನಾನು ಆಚೆ ತುದಿಯಲ್ಲಿ ಫ್ಲಾಸ್ಕಿನಿಂದ ಕಾಫಿ ಬಗ್ಗಿಸುತ್ತಿದ್ದೆ.

ಜಮಖಾನೆ ನೀರು ಕುಡಿದು ಭಾರವಾಗಿ ಜಾರತೊಡಗಿತು. ಮೊದಲು ಒಂದು ಗೇಣು. ಆಮೇಲೆ ಒಂದು ಮೊಳ.

"ಟೆಲ್ಲರ್ವೊ! ನಿನ್ನ ಜಮಖಾನೆ! ಹಿಡ್ಕೋ, ಹಿಡ್ಕೋ!" ಲೆಂಪಿ ಕಿರುಚಿದಳು.

ನಾನು ತಿರುಗಿದೆ. ಅವಳ ಕೈಗೆ ಎರಡೇ ಹೆಜ್ಜೆ. ಬಗ್ಗಿ ಹಿಡಿದರೆ ಸಿಗುತ್ತದೆ, ಹಿಡಿದರೆ ಆ ಭಾರ ನೇರವಾಗಿ ಎದೆಯ ತಂತಿಗೆ ಬೀಳುತ್ತದೆ. ಅವಳ ತೋಳು ಬಿಚ್ಚುವುದನ್ನು ಕಂಡೆ. ಎರಡೂ ಪತ್ರಿಕೆ ಒಟ್ಟಿಗೇ ನೆಲಕ್ಕೆ ಬಿದ್ದವು. "ಬೇಡಾ!" ಎಂದು ಕೂಗಿದೆನೋ, ಕೂಗಿದೆ ಅಂದುಕೊಂಡೆನೋ ಗೊತ್ತಿಲ್ಲ. ಕಾಫಿ ನನ್ನ ಕಾಲ ಮೇಲೆ ಸುರಿಯುತ್ತಿತ್ತು, ಬಿಸಿ ತಾಗಲಿಲ್ಲ. ಹೋಯಿತು, ನನ್ನ ಅತ್ತಿಗೆ ಹೋದಳು ಅನ್ನಿಸಿತು ನನಗೆ.

ಟೆಲ್ಲರ್ವೊ ಕೈ ಕಟ್ಟಿದಳು. ದಿಂಬಿನ ಮೇಲೆ, ಎದೆಗೆ ಅವುಚಿ, ಎರಡೂ ಕೈ. ಹಾಗೇ ಕುರ್ಚಿಯಿಂದ ಎದ್ದಳು, ದಿನಕ್ಕೆ ನಲವತ್ತು ಸಲ ಎದ್ದ ಹಾಗೆ. ಎರಡು ಹೆಜ್ಜೆ ಇಟ್ಟು, ಜಾರಿಹೋಗುತ್ತಿದ್ದ ಗೊಂಡೆಯ ಮೇಲೆ ಎರಡೂ ಕಾಲು ಊರಿ ನಿಂತುಬಿಟ್ಟಳು. ಜಮಖಾನೆ ನಿಂತಿತು. ಸಮುದ್ರ ಎಳೆಯಿತು, ಅವಳು ಮಂಡಿ ಸ್ವಲ್ಪ ಬಗ್ಗಿಸಿ ಇನ್ನೂ ಗಟ್ಟಿಯಾಗಿ ನಿಂತಳು. ನಾನು ಓಡಿ ಹೋಗಿ ಅವಳ ಸೊಂಟ ಹಿಡಿದುಕೊಂಡೆ, ವೈಕ್ಕೊ ಓಡಿ ಬಂದು ಮಂಡಿಯೂರಿ ಜಮಖಾನೆ ಹಿಡಿದ.

"ನನ್ನ ಕೈ ನೋಡು ಓಯ್ಲಿ," ಅಂದಳು. "ಎಲ್ಲಿದೆ ನೋಡು! ಹೋಗಲಿಲ್ಲ! ಹೊರಟಿತ್ತು, ನಾನು ಬಾ ಅಂದೆ, ಬಂತು!"

"ಬಂತು ಕಣೇ, ಬಂತು" ಎಂದು ನಾನು ಅವಳ ಬೆನ್ನಿಗೆ ಮುಖ ಒತ್ತಿ ಅತ್ತೆ. ನಮ್ಮ ಕಡೆ ಯಾರೂ ಕಟ್ಟೆ ಮೇಲೆ ಹಾಗೆಲ್ಲ ಅಳುವುದಿಲ್ಲ. ಲೆಂಪಿ ಮೊದಲ ಬಾರಿಗೆ ಬೇರೆ ಕಡೆ ನೋಡಿದಳು. ಆಮೇಲೆ ಎದ್ದು ಬಂದು, ಯಾರೂ ಕೇಳದೆ, ವೈಕ್ಕೊನ ಜೊತೆ ಜಮಖಾನೆಯ ಇನ್ನೊಂದು ಬದಿ ಹಿಡಿದು ಮೇಲಕ್ಕೆಳೆದಳು. ಎಳೆಯುವ ಗಡಿಬಿಡಿಯಲ್ಲಿ ವೈಕ್ಕೊನ ಗ್ರೀಸ್ ಮೆತ್ತಿದ ಬೂಟು ತುದಿಯ ಬಿಳಿ ಪಟ್ಟೆಯ ಮೇಲೆ ಪೂರ್ತಿ ಅಚ್ಚೊತ್ತಿತು. ತಿಕ್ಕಿದ, ಹೋಗಲಿಲ್ಲ. ಟೆಲ್ಲರ್ವೊ ಅದನ್ನು ನೋಡಿದಳು, ನೋಡಿಯೂ ಬಾಯಿ ಬಿಡಲಿಲ್ಲ. ಅಂಥ ದಿನ ಅದು.

ಹಬ್ಬ ಆಯಿತು. ಜುಲೈ ಏಳಕ್ಕೆ ಕಿರ್ಸಿ ಅವಳ ಎದೆಯನ್ನು ಒತ್ತಿ, ತಟ್ಟಿ, ಕೆಮ್ಮಿಸಿ ನೋಡಿದಳು. "ಮೂಳೆ ಕೂಡಿದೆ. ಕೈ ಮೇಲೆತ್ತಿ." ಟೆಲ್ಲರ್ವೊ ಎತ್ತಿದಳು, ನಿಧಾನವಾಗಿ, ಕಿವಿ ದಾಟಿ ಮೇಲಕ್ಕೆ. ಮೇಲೆ ಹೋದ ತನ್ನ ಕೈಗಳನ್ನು ಕತ್ತೆತ್ತಿ ಬಹಳ ಹೊತ್ತು ನೋಡಿದಳು. "ಭಾರ ಒಂದೇ ಸಲಕ್ಕೆ ಬೇಡ, ವಾರವಾರ ಸ್ವಲ್ಪ ಸ್ವಲ್ಪ ಹೆಚ್ಚಿಸಿ" ಎಂದಳು ಕಿರ್ಸಿ. "ಆಗಲಮ್ಮಾ" ಎಂದಳು ಇವಳು, ಬೆಕ್ಕಿನ ಹಾಗೆ ಸೌಮ್ಯವಾಗಿ. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಮರುದಿನ ಬೆಳಿಗ್ಗೆ ಆರಕ್ಕೆ ವೈಕ್ಕೊ ಮೀನಿಗೆ ಹೋದ. ಆರೂಕಾಲಕ್ಕೆ ನನ್ನ ಬಾಗಿಲು ಬಡಿಯಿತು.

"ಏಳೇ ಓಯ್ಲಿ. ಭಾರದ್ದು ನೀನು ಎತ್ತು, ತಿಕ್ಕೋದು ನಾನು ತಿಕ್ತೀನಿ. ಅವನು ಬರೋ ಮುಂಚೆ ಮುಗೀಬೇಕು."

"ಏನು ಮುಗೀಬೇಕು?"

"ಜಮಖಾನೆ. ಅವನು ತೊಳೆದಿದ್ದನ್ನ ತೊಳೆಯೋದು ಅಂತಾರಾ? ಮೂರು ವಾರದಿಂದ ಅದರ ಮೇಲೆ ಕಾಲಿಡೋಕೆ ಮೈ ಜುಮ್ ಅಂತಿದೆ. ಅವನಿಗೆ ಹೇಳಿದ್ರೆ ನೋಡು, ನಿನ್ನನ್ನ ಸಮುದ್ರದಲ್ಲಿ ಜಾಲಿಸ್ತೀನಿ."

ಬೈದುಕೊಂಡೇ ಕಟ್ಟೆಗೆ ಹೋದೆ. ಮೊದಲ ಸಲ ಅವಳ ಕೈಯಿಂದ ಬಕೆಟ್ ಕಿತ್ತುಕೊಂಡೆ, ಮೊದಲ ಸಲ ಅವಳು ಕೊಟ್ಟಳು. ಹೇಳಿದ ಹಾಗೇ ಮಾಡಿದಳು, ನೀರಿನಿಂದ ಎಳೆಯುವುದು, ಹೊರುವುದು ಎಲ್ಲ ನನ್ನದು. ಹತ್ತು ಜಮಖಾನೆ ಆಯಿತು. ನನ್ನ ಸೊಂಟ ಮುರಿದು ಬಂತು.

"ಮನೆಗೆ ಹೋಗಿ ದೊಡ್ಡದನ್ನ ತರ್ಲಾ?" ಅಂದೆ. "ಅದರಲ್ಲೇ ಅಲ್ವಾ ಬೂಟಿನ ಅಚ್ಚು ಇರೋದು."

ಅವಳು ಬ್ರಷ್ ತೊಳೆದು ಬಕೆಟ್ಟಿಗೆ ಹಾಕಿದಳು.

"ಬೇಡ. ಅದು ತೊಳೆದಾಗಿದೆ."

ಹನ್ನೊಂದಕ್ಕೆ ವೈಕ್ಕೊ ಮೀನು ಹಿಡಿದು ಬಂದ. ಅಂಗಳದ ಕಂಬಿಯ ಮೇಲೆ ಹತ್ತು ಜಮಖಾನೆ ನೀರು ತೊಟ್ಟಿಕ್ಕುತ್ತಿದ್ದವು. ಅವನು ನಿಂತು ನೋಡಿದ. ನಾನು ಟೆಲ್ಲರ್ವೊಳನ್ನು ನೋಡಿದೆ, ಅವಳು ನನ್ನ ಕಾಲು ತುಳಿದಳು.

"ಒದ್ದೆಯಾಗಿದಾವಲ್ಲ" ಅಂದ.

"ಮಳೆ ಬಂತು" ಅಂದಳು ಟೆಲ್ಲರ್ವೊ.

ವೈಕ್ಕೊ ತಲೆಯೆತ್ತಿ ಆಕಾಶ ನೋಡಿದ. ಒಂದು ವಾರದಿಂದ ಮೋಡದ ಚೂರೂ ಇರಲಿಲ್ಲ. ಮೆಟ್ಟಿಲು ಹತ್ತಿದ, ನಾವು ಹಿಂದೆ ಹೋದೆವು. ಬಾಗಿಲು ತೆರೆದರೆ ಪಡಸಾಲೆಯ ಉದ್ದಕ್ಕೂ ದೊಡ್ಡ ಜಮಖಾನೆ ಇದ್ದಲ್ಲೇ ಇತ್ತು, ಒಣಗಿಕೊಂಡು, ಬಿಳಿ ಪಟ್ಟೆಯ ಮೇಲೆ ಅವನ ಬೂಟಿನ ಅಚ್ಚು ಹೊತ್ತುಕೊಂಡು. ಅವನು ಅದನ್ನು ಬಹಳ ಹೊತ್ತು ನೋಡಿದ.

"ಇದರ ಮೇಲೆ ಬೀಳಲಿಲ್ವಾ ಮಳೆ?"

"ಇಲ್ಲ," ಅಂದಳು ಅವಳು. ಅವನ ಕೈಯಿಂದ ಮೀನಿನ ಬುಟ್ಟಿ ತೆಗೆದುಕೊಳ್ಳಲು ಕೈ ಚಾಚಿದಳು, ಭಾರ ನೋಡಿ ನಿಲ್ಲಿಸಿದಳು, ಒಂದು ಬದಿಯ ಹಿಡಿಕೆ ಮಾತ್ರ ಹಿಡಿದಳು. "ಇದರ ಮೇಲೆ ಬೀಳಲಿಲ್ಲ."

ಅವನು ಇನ್ನೊಂದು ಹಿಡಿಕೆ ಬಿಡಲಿಲ್ಲ. ಇಬ್ಬರೂ ಬುಟ್ಟಿ ಹಿಡಿದುಕೊಂಡೇ ಬೂಟು ಕಳಚಿ, ಆ ಅಚ್ಚನ್ನು ತುಳಿಯದೆ ದಾಟಿ ಅಡುಗೆಮನೆಗೆ ಹೋದರು.